ಚಾವಣಿ ತೆಗೆದ ಮನೆ

"ಬಚ್ಚಲಲ್ಲಿ ಜಾರಿದಳು" ಅಂತ ಡಾಕ್ಟರಿಗೆ ಹೇಳಿದವಳು ನಾನೇ. ಸುಳ್ಳು ಹೇಳೋದರಲ್ಲಿ ನನ್ನದು ಎತ್ತಿದ ಕೈ. ತಡವರಿಸೋದಿಲ್ಲ, ಬೇಡದ ವಿವರ ಕೊಡೋದಿಲ್ಲ. ಸೋಪಿನ ನೀರಿತ್ತು, ಜಾರಿದಳು, ಎಡಗೈ ಊರಿದಳು, ಅಷ್ಟೇ. ಡಾಕ್ಟರು ನನ್ನ ಸೊಸೆಯ ಮುಖ ನೋಡಿದರು. ಅವಳು ನೆಲ ನೋಡಿದಳು. ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ, ಆರು ವಾರ ಬಿಟ್ಟು ಬನ್ನಿ ಅಂದರು.

ನಡೆದದ್ದು ಬೇರೆ. ನನ್ನ ಮಗ ಅವಳ ಕೈ ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದಿದ್ದ. ಅನ್ನ ಆರಿತ್ತು ಅನ್ನೋ ಕಾರಣಕ್ಕೆ. ಮೂವತ್ತು ವರ್ಷ ಮಾಂಸದಂಗಡಿಯಲ್ಲಿ ನಿಂತವಳು ನಾನು, ಮೂಳೆಯ ಸದ್ದು ಗೊತ್ತಿಲ್ಲದವಳಲ್ಲ. ಕೇಳಿದ ತಕ್ಷಣ, ಇದು ಉಳುಕಲ್ಲ, ಮುರಿದಿದೆ ಅಂತ ಗೊತ್ತಾಯಿತು.

ನಮ್ಮದು ಕಟುಕರ ಮನೆ. ಅಂಗಡಿ ಬೀದಿಗೆ, ಮನೆ ಅಂಗಡಿಯ ಬೆನ್ನಿಗೆ, ನಡುವೆ ಕೈಯಗಲದ ಅಂಗಳ. ಮನೆಯಲ್ಲಿ ಇರೋದು ನಾಲ್ಕೇ ಜನ. ನಾನು, ಮಗ, ಸೊಸೆ, ಹದಿನಾರು ವರ್ಷದ ಮೊಮ್ಮಗಳು. ಮೊಮ್ಮಗಳನ್ನು ಬೀದಿಯವರೆಲ್ಲ ಚೂರಿ ಅಂತಲೇ ಕರೆಯೋದು, ಅವಳ ಬಾಯಿ ಹಾಗಿದೆ. ಗಂಡ ಸತ್ತ ಮೇಲೆ ಮಗ ಬೆಳೆದು ನಿಲ್ಲೋವರೆಗೂ ಅಂಗಡಿಯಲ್ಲಿ ಮಚ್ಚು ಹಿಡಿದವಳು ನಾನು. ಆ ಮಚ್ಚು ಈಗ ಅಡುಗೆಮನೆಯ ಮೊಳೆಗೆ ನೇತುಹಾಕಿದೆ, ಅದರ ಕೆಳಗೆ ಮಾಂಸ ಕೊಚ್ಚೋ ಹಳೇ ಮರದ ಕೊರಡು. ಮಗನಿಗೆ ಕೆಲಸ ಕಲಿಸಿದ್ದು ಅದೇ ಕೊರಡಿನ ಮೇಲೆ.

ಗಂಡನೂ ಹೊಡೆಯುತ್ತಿದ್ದ. ನನ್ನ ಎಡಗಿವಿ ಕೇಳೋದಿಲ್ಲ, ಅದು ಅವನು ಬಿಟ್ಟುಹೋದ ಆಸ್ತಿ. ಏಟು ತಿಂದೆ, ಬಾಯಿ ಮುಚ್ಚಿಕೊಂಡು ಸಂಸಾರ ಮಾಡಿದೆ. ಇವಳೂ ಮಾಡಲಿ, ಇವಳೇನು ಮೇಲಿಂದ ಇಳಿದವಳಾ ಅಂತ ನನ್ನ ಧಿಮಾಕು.

ಮಗ ಕೈ ಎತ್ತಿದಾಗೆಲ್ಲ ನನಗೊಂದು ಕೆಲಸವಿತ್ತು. ಅಡುಗೆಮನೆಯ ಕಿಟಕಿ ಪಕ್ಕದ ಓಣಿಗೆ ತೆರೆಯುತ್ತೆ. ಅದನ್ನು ಎಳೆದು ಚಿಲಕ ಹಾಕೋದು, ಆಮೇಲೆ ನಲ್ಲಿ ಪೂರ್ತಿ ಬಿಡೋದು. ತಗಡಿನ ಬಕೆಟ್ಟಿಗೆ ನೀರು ಬೀಳೋ ಸದ್ದಿನಲ್ಲಿ ಉಳಿದದ್ದು ಮುಳುಗಿಹೋಗುತ್ತೆ. ನನ್ನ ಕಾಲದಲ್ಲಿ ನನ್ನ ಅತ್ತೆಯೂ ಇದನ್ನೇ ಮಾಡುತ್ತಿದ್ದಳು. ಮನೆಯ ಮಾನ ಬೀದಿಗೆ ಬೀಳಬಾರದು ನೋಡಿ.

ಪ್ಲಾಸ್ಟರ್ ಬಿಚ್ಚಿದಾಗ ಸೊಸೆಯ ಕೈ ಸೊರಗಿತ್ತು. ಅವಳು ಎಡಚಿ, ಎಲ್ಲಾ ಕೆಲಸಕ್ಕೂ ಅದೇ ಕೈ. ಬೆರಳು ಮಡಚಿದರೆ ಅಂಗೈ ಮುಟ್ಟುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸೋ ಮೇಡಂ ಒಬ್ಬರಿದ್ದರು. ಅವರ ಹತ್ತಿರ ಕಳಿಸಿದರು. ಜೊತೆಗೆ ನಾನೂ ಹೋದೆ, ಬಿಡ್ತೀನಾ?

"ಮನೇಲಿ ದಿನಾ ಬೆರಳು ಆಡಿಸಬೇಕು," ಅಂದರು ಮೇಡಂ. "ಹೆಣಿಗೆ ಹಾಕ್ತೀರಾ?"

"ಬರಲ್ಲ," ಅಂದಳು ಸೊಸೆ.

"ಚಿತ್ರ ಬರೀತೀರಾ?"

"ಸ್ಕೂಲಲ್ಲಿ ಬರೀತಿದ್ದೆ," ಅಂದಳು ಸೊಸೆ.

"ಪಾತ್ರೆ ತಿಕ್ಕಿದ್ರೂ ಬೆರಳು ಆಡುತ್ತೆ," ಅಂದೆ ನಾನು.

ಮೇಡಂ ನನ್ನ ಕಡೆ ತಿರುಗಿದರು. "ಪಾತ್ರೇನ ನೀವು ತಿಕ್ಕಿ ಅಮ್ಮಾ. ಇನ್ನೂ ಗಟ್ಟಿಮುಟ್ಟಾಗಿದೀರಲ್ಲ."

ಅವರ ಬಾಯಿ ನೋಡಿ!

ಮನೆಗೆ ಬಂದ ಮೇಲೆ ಚೂರಿ ತನ್ನ ಟ್ಯಾಬು ತಂದು ಅಮ್ಮನ ಮುಂದಿಟ್ಟಳು. ಮೂಲೆಯಲ್ಲಿ ಬಿರುಕು ಬಿಟ್ಟದ್ದು, ಜೊತೆಗೊಂದು ಪೆನ್ನು. ಶಾಯಿ ಇಲ್ಲ, ಮುಳ್ಳಿಲ್ಲ, ಗಾಜಿನ ಮೇಲೆ ಎಳೆದರೆ ಗೆರೆ ಬರುತ್ತೆ.

"ಕಾಗದ, ಬಣ್ಣ, ನೀರು ಅಂತ ಹರಡಿಕೊಂಡ್ರೆ ಅಪ್ಪ ಒದೀತಾನೆ," ಅಂದಳು. "ಇದಾದ್ರೆ ಅವನು ಬರೋ ಹೊತ್ತಿಗೆ ಗುಂಡಿ ಒತ್ತಿಬಿಡು ಅಮ್ಮ. ಏನೂ ಕಾಣಲ್ಲ."

ಮೊದಲ ವಾರ ಅವಳು ಎಳೆದ ಗೆರೆ ಎರೆಹುಳ ಹರಿದ ಹಾಗಿತ್ತು. ಒಂದು ಬಟ್ಟಲು ಬರೆಯೋಕೆ ಬೆವೆತುಬಿಡುತ್ತಿದ್ದಳು. ಎರಡನೇ ವಾರ ಯಾವುದೋ ವಿಡಿಯೋ ಹಿಡಿದು ಕೂತಳು. ಮಾತಿಲ್ಲದ ವಿಡಿಯೋ, ಬರೀ ಎರಡು ಕೈ ಬರೆಯೋದು. ಜಪಾನಿನವರು ಹಳೇ ಕಾಲದಲ್ಲಿ ಉದ್ದ ಕಾಗದದ ಸುರುಳಿ ಮೇಲೆ ಬರೀತಿದ್ದ ಚಿತ್ರಗಳಂತೆ ಅವು, ಅವನ್ನು ಈಗಿನವರು ಟ್ಯಾಬಿನಲ್ಲಿ ಬರೆಯೋದು. ನಾನು ಈರುಳ್ಳಿ ಹೆಚ್ಚುತ್ತಾ ಪಕ್ಕದಿಂದ ಇಣುಕಿದೆ.

"ಇದೇನೇ, ಈ ಮನೆಗೆ ಚಾವಣಿನೇ ಇಲ್ಲ?"

"ತೆಗೆದುಬಿಟ್ಟಿದಾರೆ ಅಜ್ಜಿ," ಅಂದಳು ಚೂರಿ. "ಮೇಲಿಂದ ನೋಡೋದು. ಒಳಗಿರೋರು ಕಾಣಬೇಕಲ್ಲ."

"ಮಳೆ ಬಂದ್ರೆ?"

"ನೀನು ಕೊಡೆ ಹಿಡ್ಕೊಂಡು ಹೋಗು."

"ಇವಳ್ಯಾರು? ಬಾಗಿಲಲ್ಲೂ ಇದಾಳೆ, ಒಳಗೂ ಇದಾಳೆ, ಹಿತ್ತಲಲ್ಲೂ ಇದಾಳೆ. ಒಂದೇ ಸಲ ಮೂರು ಹೆತ್ತಿದ್ರಾ ಅವಳಮ್ಮ?"

ಸೊಸೆ ನಕ್ಕಳು. ಅವಳು ನಕ್ಕದ್ದು ನೋಡಿ ನನಗೇ ಗಾಬರಿಯಾಯಿತು, ಅಷ್ಟು ಕಾಲವಾಗಿತ್ತು. "ಒಬ್ಬಳೇ ಅತ್ತೆ. ಮೊದಲು ಬಾಗಿಲಿಗೆ ಬಂದಳು, ಆಮೇಲೆ ಒಳಗೆ ಹೋದಳು, ಆಮೇಲೆ ಹಿತ್ತಲಿಗೆ. ಬೇರೆ ಬೇರೆ ಹೊತ್ತಲ್ಲಿ ನಡೆದದ್ದನ್ನ ಒಂದೇ ಚಿತ್ರದಲ್ಲಿ ಬರೆದುಬಿಡ್ತಾರೆ."

"ಮುಖ ಎಲ್ಲಾ ಒಂದೇ ಥರ ಇದೆಯಲ್ಲ."

"ಕಣ್ಣಿಗೆ ಒಂದು ಗೆರೆ, ಮೂಗಿಗೆ ಒಂದು ಕೊಕ್ಕೆ. ಅಷ್ಟೇ. ಯಾರು ಏನು ಅಂತ ಬಟ್ಟೆ ನೋಡಿ, ಏನು ಮಾಡ್ತಿದಾರೆ ಅಂತ ನೋಡಿ ತಿಳ್ಕೋಬೇಕು."

ಮುರಿದ ಕೈಗೆ ಇದೇ ಸುಲಭ ಅಂತ ಹಿಡಿದಳೋ ಏನೋ. ಮನೆಗೋಡೆಗಳೆಲ್ಲ ಓರೆಯಾದ ಉದ್ದ ಗೆರೆ, ಮುಖವಂದರೆ ಎರಡು ಗೆರೆ, ಒಂದು ಕೊಕ್ಕೆ. ಮತ್ತೆ ಚಿತ್ರದ ನಡುನಡುವೆ ಅಡ್ಡಡ್ಡಲಾಗಿ ಬಂಗಾರದ ಬಣ್ಣದ ಮೋಡ. ಬೇಡದ್ದರ ಮೇಲೆ ಮೋಡ ಎಳೆದುಬಿಟ್ಟರೆ ಆಯಿತಂತೆ. ಬುದ್ಧಿವಂತರು ಅಂದುಕೊಂಡೆ. ನಮ್ಮ ಮನೆಯ ನಲ್ಲಿಯ ಹಾಗೆ.

ಅಂಗಡಿ ಒಂದು ಗಂಟೆಗೆ ಮುಚ್ಚಿ ನಾಲ್ಕಕ್ಕೆ ತೆಗೆಯೋದು. ಚೂರಿಯೂ ಸ್ಕೂಲಿಂದ ಊಟಕ್ಕೆ ಆ ಹೊತ್ತಿಗೇ ಬರೋಳು. ಒಂದು ಗಂಟೆ ಅಂದರೆ ಮನೆಯಲ್ಲಿ ಎಲ್ಲರ ಕಿವಿಯೂ ಅಂಗಳದ ಬಾಗಿಲಿಗೆ. ಮಗ ಬೂಟು ಬಿಚ್ಚಿ ಮೆಲ್ಲಗಿಟ್ಟರೆ ಒಳ್ಳೆಯ ದಿನ. ಒದ್ದು ಎಸೆದರೆ ಸೊಸೆ ತಟ್ಟೆ ಇಡುವ ಮೊದಲೇ ಮಗಳನ್ನು ಒಳಗೆ ಕಳಿಸುತ್ತಿದ್ದಳು. ಆ ತಿಂಗಳು ಬೂಟು ದಿನಾ ಹಾರುತ್ತಿತ್ತು. ಬೀದಿಯ ತಿರುವಿನಲ್ಲಿ ದೊಡ್ಡ ಅಂಗಡಿಯೊಂದು ಬಂದಿತ್ತು, ಮಾಂಸವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತೊಳೆದು ತುಂಬಿ ಇಡುತ್ತಿದ್ದರು. ನಮ್ಮ ಕಡೆಗೆ ಜನ ಕಡಿಮೆಯಾದರು.

"ಮೂಳೆ ರಸ ಯಾಕೆ ನೀರುನೀರಾಗಿದೆ?" ಅಂದ ಮಗ ಒಂದು ದಿನ.

"ನಿನ್ನೆ ಮೂಳೆ ಕಳಿಸಿರಲಿಲ್ಲ ನೀವು," ಅಂದಳು ಸೊಸೆ.

ಕಳಿಸಿರಲಿಲ್ಲ, ನಿಜ. ಆದರೆ ನಿಜ ಕೇಳೋಕೆ ಅವನು ಕೂತಿರಲಿಲ್ಲ. ಬಟ್ಟಲೆತ್ತಿ ಅವಳ ಎದೆಗೆ ಎರಚಿದ. ಕುದಿಯೋದು. ಅವಳು ಕಿರುಚಿ ಬಟ್ಟೆ ಕಿತ್ತುಕೊಳ್ಳುವಾಗ ಕೂದಲು ಹಿಡಿದು ತಲೆಯನ್ನು ಮೇಜಿಗೆ ಕುಕ್ಕಿದ, ಒಂದು ಸಲ, ಎರಡು ಸಲ. ತಟ್ಟೆಗಳು ಕುಣಿದವು. ನಾನು ಎದ್ದೆ, ಕಿಟಕಿ ಎಳೆದೆ, ಚಿಲಕ ಹಾಕಿದೆ, ನಲ್ಲಿ ಬಿಟ್ಟೆ.

"ಅಜ್ಜಿ, ಕಿಟಕಿ ತೆಗಿ!" ಒಳಕೋಣೆಯ ಬಾಗಿಲಲ್ಲಿ ನಿಂತು ಚೂರಿ ಕೂಗಿದಳು.

"ಒಳಗೆ ಹೋಗೇ."

"ತೆಗಿ ಅಂದ್ನಲ್ಲ! ಯಾರಾದ್ರೂ ಕೇಳಲಿ!"

"ಕೇಳಿ? ನಾಳೆ ನಿನ್ನ ಮುಖ ನೋಡಿ ಹಲ್ಲು ಕಿರೀತಾರೆ. ಒಳಗೆ ಹೋಗು, ಇಲ್ಲಾಂದ್ರೆ ನಿನಗೂ ಬೀಳುತ್ತೆ."

ಬಿತ್ತು. ಮಗ ತಿರುಗಿ ಅವಳ ಕೆನ್ನೆಗೆ ಬಾರಿಸಿದ. ಚೂರಿ ಅಳಲಿಲ್ಲ. ಅಪ್ಪನನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತಾ ನಿಂತಳು.

ಸಂಜೆ ಮಗ ನನಗೆ ಅಂತ ನಲ್ಲಿಮೂಳೆ ತಂದ. "ನಿನಗಿಷ್ಟ ಅಲ್ವಾ ಅಮ್ಮ," ಅಂತ ತಾನೇ ಸೀಳಿ, ಮಜ್ಜೆ ತೆಗೆದು ಬ್ರೆಡ್ಡಿಗೆ ಸವರಿಕೊಟ್ಟ. ನನಗೆ ಅವನು ಯಾವತ್ತೂ ಒಂದು ಗಟ್ಟಿ ಮಾತು ಆಡಿದವನಲ್ಲ. ಸೊಸೆಯ ಎದೆಯ ಮೇಲೆ ಬೊಬ್ಬೆ ಎದ್ದಿದ್ದವು, ನಾನು ಬ್ರೆಡ್ಡು ತಿಂದೆ. ರುಚಿಯಾಗಿತ್ತು. ಸುಳ್ಳು ಯಾಕೆ ಹೇಳಲಿ?

ವಾರಗಳು ಹೋದವು. ಸೊಸೆಯ ಗೆರೆ ನೆಟ್ಟಗಾಯಿತು. ಒಂದೆಳೆಗೆ ಗೋಡೆ, ಒಂದೆಳೆಗೆ ಬೀದಿ. ನಮ್ಮ ಬೀದಿಯನ್ನೇ ಬರೆದಳು, ಮೇಲಿಂದ, ಒಂದು ಮನೆಗೂ ಚಾವಣಿಯಿಲ್ಲ. ಓಣಿಯಾಚೆಯ ದರ್ಜಿ ಹೊಲಿಗೆ ಯಂತ್ರದ ಮೇಲೆ ತಲೆ ಇಟ್ಟು ತೂಕಡಿಸೋದು, ಅವನ ಹೆಂಡತಿ ಅವನ ಜೇಬು ತಡಕೋದು. ಬೇಕರಿಯವನು ಹಿಟ್ಟಿನ ಮೂಟೆಯ ಮೇಲೆ ಕೂತು ಉಗುರು ಕತ್ತರಿಸೋದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ನಮ್ಮ ಮನೆ ಇರಬೇಕಾದ ಕಡೆ ಉದ್ದಕ್ಕೆ ಬಂಗಾರದ ಮೋಡ.

"ನಮ್ಮ ಮನೆ ಎಲ್ಲಿ?"

"ಮೋಡದ ಕೆಳಗಿದೆ ಅತ್ತೆ."

"ತೋರಿಸು."

"ಇನ್ನೂ ಮುಗಿದಿಲ್ಲ," ಅಂದು ಗುಂಡಿ ಒತ್ತಿಬಿಟ್ಟಳು.

ಆ ಟ್ಯಾಬಿನ ಕರಾಮತ್ತನ್ನು ಚೂರಿ ನನಗೆ ಅರ್ಧಂಬರ್ಧ ಹೇಳಿಕೊಟ್ಟಿದ್ದಳು. ಗೆರೆ ಒಂದು ಹಾಳೆ, ಬಣ್ಣ ಒಂದು ಹಾಳೆ, ಮೋಡ ಒಂದು ಹಾಳೆ, ಒಂದರ ಮೇಲೊಂದು ಹೊದಿಸಿದ ಹಾಗೆ. ಪ್ರತಿ ಹಾಳೆಗೂ ಪಕ್ಕದಲ್ಲಿ ಒಂದು ಕಣ್ಣಿನ ಗುರುತು. ಕಣ್ಣು ಒತ್ತಿದರೆ ಹಾಳೆ ಮಾಯ, ಇನ್ನೊಂದು ಸಲ ಒತ್ತಿದರೆ ಹಾಜರ್.

ಕೈ ವ್ಯಾಯಾಮದ ಮೇಡಂ ಆ ಬೀದಿಯ ಚಿತ್ರ ನೋಡಿ ಹುಚ್ಚಾಗಿಬಿಟ್ಟರು. ಆಸ್ಪತ್ರೆಯಲ್ಲಿ ಜನ ಕಾಯುವ ಹಾಲಿನ ಗೋಡೆಗೆ ದೊಡ್ಡ ಟೀವಿ ಇದೆ, ಅದರಲ್ಲಿ ಹಾಕ್ತೀವಿ, ಕೊಡಿ ಅಂದರಂತೆ. ಈ ಸುದ್ದಿಯನ್ನು ಚೂರಿ ಊಟದ ಹೊತ್ತಲ್ಲೇ ಹೇಳಬೇಕಾ? ಹೇಳಿದಳು.

"ಅಪ್ಪ, ಅಮ್ಮನ ಚಿತ್ರ ಆಸ್ಪತ್ರೆಯಲ್ಲಿ ಹಾಕ್ತಾರಂತೆ. ಊರೆಲ್ಲ ನೋಡುತ್ತೆ."

ಮಗ ಅಗಿಯೋದು ನಿಲ್ಲಿಸಿದ. "ಯಾರನ್ನ ಕೇಳಿ?"

"ಕೇಳೋದೇನಿದೆ, ಅಮ್ಮನ ಚಿತ್ರ."

"ಅವಳ ಕೈ ಯಾರದ್ದು? ಆ ಕೈಗೆ ಅನ್ನ ಹಾಕೋನು ಯಾರು?" ಅಂದವನು ಕಾಲೆತ್ತಿ ಸೊಸೆ ಕೂತಿದ್ದ ಸ್ಟೂಲನ್ನೇ ಒದ್ದ. ಅವಳು ಕೆಳಗೆ ಬಿದ್ದಳು. ಬಿದ್ದವಳ ಪಕ್ಕೆಗೆ ಒದ್ದ, ಅವತ್ತು ಬೂಟನ್ನೂ ಬಿಚ್ಚಿರಲಿಲ್ಲ. ನಾನು ಕಿಟಕಿ, ಚಿಲಕ, ನಲ್ಲಿ. ಆಮೇಲೆ ಅವನು ಕೈ ತೊಳೆದು ಊಟ ಮುಗಿಸಿ ಎದ್ದ. ಅವಳು ಒಂದು ಕೈ ಪಕ್ಕೆಗೆ ಒತ್ತಿಕೊಂಡು ತಟ್ಟೆ ಎತ್ತಿದಳು.

ಅದಾಗಿ ನಾಲ್ಕನೇ ದಿನ. ಚೂರಿ ಸ್ಕೂಲಿಗೆ, ಸೊಸೆ ಆಸ್ಪತ್ರೆಗೆ. ನಾನೊಬ್ಬಳೇ ಒಲೆ ಮೇಲೆ ಕೊಬ್ಬು ಕರಗಿಸುತ್ತಿದ್ದೆ. ಟ್ಯಾಬು ಹಾಸಿಗೆಯ ದಿಂಬಿನ ಕೆಳಗಿತ್ತು. ನನ್ನ ಮನೆ ನನಗೇ ತೋರಿಸಲ್ಲ ಅಂದರೆ ಏನು ಗರ್ವ ಅಂತ ತೆಗೆದೆ. ಜಿಡ್ಡು ಕೈ, ಗಾಜು ಮಾತೇ ಕೇಳಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದೆ. ಬೀದಿ ಬಂತು. ಮೋಡದ ಕಣ್ಣು ಹುಡುಕಿ ಒತ್ತಿದೆ.

ಮೋಡ ಹೋಯಿತು. ನಮ್ಮ ಅಡುಗೆಮನೆ ಕಾಣಿಸಿತು.

ಕೊರಡು, ಮೊಳೆ, ಮಚ್ಚು, ಮೇಜು, ಎಲ್ಲಾ ಇದ್ದ ಹಾಗೇ. ಏಪ್ರನ್ನು ಕಟ್ಟಿದವನೊಬ್ಬ ಒಂದು ಹೆಂಗಸಿನ ಕೂದಲು ಹಿಡಿದು ತಲೆಯನ್ನು ಮೇಜಿಗೆ ಒತ್ತಿದಾನೆ. ಒಳಬಾಗಿಲ ಹಿಂದೆ ಎರಡು ಜಡೆಯ ಹುಡುಗಿ. ಮತ್ತೆ ಈ ಕಡೆ, ಬಿಳಿ ತುರುಬಿನ ಮುದುಕಿಯೊಬ್ಬಳು ಎಲ್ಲರಿಗೂ ಬೆನ್ನು ಹಾಕಿ ಕಿಟಕಿ ಎಳೀತಿದಾಳೆ. ಮುಖಕ್ಕೆ ಒಂದು ಗೆರೆ, ಒಂದು ಕೊಕ್ಕೆ.

ಪಕ್ಕಕ್ಕೆ ಸರಿಸಿದೆ. ಇನ್ನೊಂದು ಚಿತ್ರ, ಅದರಲ್ಲೂ ಮೋಡ. ತೆಗೆದೆ. ಮುದುಕಿ ನಲ್ಲಿ ಬಿಡ್ತಿದಾಳೆ. ಇನ್ನೊಂದು. ಚಿಲಕ ಹಾಕ್ತಿದಾಳೆ. ಹನ್ನೊಂದು ಚಿತ್ರ, ಪ್ರತಿಯೊಂದರ ಮೂಲೆಯಲ್ಲಿ ಅದು ನಡೆದ ದಿನದ ತಾರೀಕು. ಮಣಿಕಟ್ಟು ಮುರಿದ ದಿನದ್ದೂ ಇತ್ತು. ಹನ್ನೊಂದರಲ್ಲೂ ನಾನಿದ್ದೆ. ಒಂದರಲ್ಲಾದರೂ ನಾನು ಮಗನ ಕೈ ಹಿಡಿದಿದ್ದೀನಾ ಅಂತ ಹುಡುಕಿದೆ. ಇರಲಿಲ್ಲ. ಅವಳು ಇಲ್ಲದ್ದನ್ನು ಬರೆದಿರಲಿಲ್ಲ.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸಿಟ್ಟು ನೆತ್ತಿಗೇರಿತು. ಬಾಗಿಲು ದಾಟಿ ಬಂದ ಸೊಸೆಯ ಮುಂದೆ ಟ್ಯಾಬು ಹಿಡಿದೆ.

"ಏನೇ ಇದು?"

ಅವಳ ಮುಖ ಸುಣ್ಣವಾಯಿತು. "ಕೊಡಿ ಅತ್ತೆ. ಅವರು ಬರೋ ಹೊತ್ತಾಯ್ತು."

"ನನ್ನನ್ನ ಏನಂತ ಬರೆದಿದೀಯ? ನಾನೇನು ಹೊಡೆದ್ನಾ ನಿನಗೆ?"

"ಇಲ್ಲ."

"ಬೈದ್ನಾ? ಅನ್ನ ಹಾಕದೆ ಇಟ್ಟಿದ್ನಾ?"

"ಇಲ್ಲ ಅತ್ತೆ."

"ಮತ್ತೆ ನನ್ನನ್ನ ಯಾಕೆ ಇದರಲ್ಲಿ ತುರುಕಿದೆ?"

"ನೀವು ಅಲ್ಲೇ ಇದ್ರಲ್ಲ," ಅಂದಳು. ಜೋರಾಗಿ ಹೇಳಲಿಲ್ಲ, ಅಳುತ್ತಾ ಹೇಳಲಿಲ್ಲ. "ಕೊಡಿ ಅತ್ತೆ, ಕೈ ಮುಗೀತೀನಿ. ಮೋಡ ಹಾಕಿಬಿಡ್ತೀನಿ."

ಅಂಗಳದಲ್ಲಿ ಬೂಟು ಗೋಡೆಗೆ ಬಡಿಯಿತು. ಗಿರಾಕಿ ಇಲ್ಲ ಅಂತ ಮಗ ಕಾಲು ಗಂಟೆ ಮುಂಚೆಯೇ ಬಂದಿದ್ದ. ಆ ಟ್ಯಾಬನ್ನು ನಾನು ಸೆರಗಿನಲ್ಲಿ ಮುಚ್ಚಿಕೊಳ್ಳಬಹುದಿತ್ತು. ಒಲೆಯ ಹಿಂದೆ ತಳ್ಳಬಹುದಿತ್ತು. ಎಷ್ಟೊಂದು ಮುಚ್ಚಿಟ್ಟವಳು ನಾನು, ಅದೊಂದು ಮುಚ್ಚಲಿಲ್ಲ.

"ನೋಡಪ್ಪಾ," ಅಂದೆ. "ನಿನ್ನ ಹೆಂಡತಿ ಮನೆ ಮಾನ ಹೆಂಗೆ ಬರೆದಿದಾಳೆ ನೋಡು." ನಾನೇ ಅವನ ಕೈಗೆ ಕೊಟ್ಟೆ.

ಅವನು ನಿಂತೇ ನೋಡಿದ. ಒಂದೊಂದಾಗಿ ಸರಿಸಿದ, ಹನ್ನೊಂದೂ. ಅವಸರ ಮಾಡಲಿಲ್ಲ. ಅವನು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಇದು ನಾನಾ?" ಅಂದ.

ಸೊಸೆ ಗೋಡೆಗೆ ಒರಗಿ ನಿಂತಿದ್ದಳು.

"ಇದನ್ನ ಊರಿಗೆಲ್ಲ ತೋರಿಸೋಕೆ ಹೊರಟಿದ್ಯಾ?"

"ಮೋಡ ಇರುತ್ತೆ, ಯಾರಿಗೂ ಕಾಣಲ್ಲ..."

ಅವನು ಮೊಳೆಯಿಂದ ಮಚ್ಚು ತೆಗೆದ. ಟ್ಯಾಬನ್ನು ಕೊರಡಿನ ಮೇಲಿಟ್ಟು ಒಂದೇ ಏಟು. ಗಾಜು ನನ್ನ ಕಾಲ ತನಕ ಸಿಡಿಯಿತು. ಇಷ್ಟೇ ತಾನೇ, ಮುಗೀತು ಅಂದುಕೊಂಡೆ.

"ಯಾವ ಕೈ ಅದು? ಎಡಗೈ ಅಲ್ವಾ?"

"ಬೇಡಿ. ಬರೆಯಲ್ಲ. ಇನ್ಮೇಲೆ ಬರೆಯಲ್ಲ, ಆಣೆ."

ಮುಂಗೈ ಹಿಡಿದು ದರದರ ಎಳೆದ. ಅವಳು ನನ್ನ ಸೆರಗು ಹಿಡಿದಳು, ಬಿಗಿಯಾಗಿ. "ಅತ್ತೆ! ಅತ್ತೆ, ಹೇಳಿ ಅತ್ತೆ!" ಅವನು ಅವಳ ಹೊಟ್ಟೆಗೆ ಮೊಣಕಾಲು ಕೊಟ್ಟ, ಸೆರಗು ಬಿಟ್ಟುಹೋಯಿತು. ಅವಳ ಎಡಗೈ ಕೊರಡಿನ ಮೇಲೆ, ಗಾಜಿನ ಚೂರುಗಳ ಮೇಲೆ, ಅವನ ಎಡಗೈ ಅದರ ಮೇಲೆ. "ಅತ್ತೆ!" ಅಂತ ಇನ್ನೊಂದು ಸಲ ಕಿರುಚಿದಳು. ಬೀದಿಗೆ ಕೇಳುವ ಕಿರುಚು.

ನಾನು ಏನು ಮಾಡಿದೆ ಗೊತ್ತಾ? ಕಿಟಕಿಗೆ ಹೋದೆ. ಬೇಕು ಅಂತ ಹೋದದ್ದಲ್ಲ, ಕಾಲು ತಾನೇ ಹೋಯಿತು. ಎಳೆದೆ, ಚಿಲಕ ಹಾಕಿದೆ. ಆ ಹೊತ್ತಿನಲ್ಲಿ ನಾನು ಅವನ ಮುಂಗೈ ಹಿಡಿಯಬಹುದಿತ್ತು. ಅವನಿಗೆ ಮಚ್ಚು ಹಿಡಿಯೋದು ಕಲಿಸಿದವಳು ನಾನು, ಎಲ್ಲಿ ಹಿಡಿದರೆ ಕೈ ಸಡಿಲಾಗುತ್ತೆ ಅಂತ ನನಗೆ ಗೊತ್ತಿತ್ತು. ಚಿಲಕದ ಮೇಲೆ ಬೆರಳಿದ್ದಾಗಲೇ ಹಿಂದೆ ಮಚ್ಚು ಬಿತ್ತು.

ತಿರುಗಿದೆ. ಕೊರಡಿನ ಮೇಲೆ ಅವಳ ಕಿರುಬೆರಳು ಬೇರೆ ಇತ್ತು, ಅವಳು ಬೇರೆ ಇದ್ದಳು. ರಕ್ತ ಗಾಜಿನ ನಡುವೆ ದಾರಿ ಹುಡುಕಿಕೊಂಡು ಹರೀತಿತ್ತು. ಅವಳ ಬಾಯಿ ತೆರೆದಿತ್ತು, ಸದ್ದು ಬರುತ್ತಿರಲಿಲ್ಲ. ಮಗ ಮತ್ತೆ ಮಚ್ಚು ಎತ್ತುತ್ತಿದ್ದ.

ಚಿಲಕ ಕಿತ್ತೆ. ಕಿಟಕಿಯ ಎರಡೂ ಕದ ಗೋಡೆಗೆ ಬಡಿಯುವ ಹಾಗೆ ತೆರೆದೆ. "ಬನ್ರೋ!" ಅಂತ ಕೂಗಿದೆ. "ನನ್ನ ಮಗ ಹೆಂಡತೀನ ಕಡೀತಿದಾನೆ! ಯಾರಾದ್ರೂ ಬನ್ರೋ!" ಹಾಗೇ ತಿರುಗಿ ಒಲೆ ಮೇಲಿದ್ದ ಕೊಬ್ಬಿನ ಬಾಣಲೆ ಎತ್ತಿ ಅವನ ಬಲತೋಳಿಗೆ ಸುರಿದೆ. ನನ್ನ ಮಗ. ನಾನು ಹೆತ್ತವನು. ಅವನು ಅರಚಿ ಮಚ್ಚು ಬಿಟ್ಟ. ನಾನದನ್ನು ಕಾಲಲ್ಲಿ ಒದ್ದು, ಇಬ್ಬರ ನಡುವೆ ನಿಂತೆ.

"ಅಮ್ಮಾ," ಅಂದ ಅವನು, ತೋಳು ಹಿಡಿದುಕೊಂಡು. "ನೀನಾ ಅಮ್ಮಾ?"

ಓಣಿಯ ದರ್ಜಿ ಕಿಟಕಿಯಿಂದಲೇ ಹಾರಿ ಬಂದ, ಬೇಕರಿಯವನು ಬಾಗಿಲಿಂದ. ಇಬ್ಬರೂ ಮಗನನ್ನು ನೆಲಕ್ಕೆ ಕೆಡವಿ ಹಿಡಿದರು. ನಾನು ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಐಸಿನ ಮೇಲಿಟ್ಟೆ. ಆ ಕೆಲಸ ಮಾತ್ರ ಚೆನ್ನಾಗಿ ಬರುತ್ತೆ ನನಗೆ.

"ನೀನು ಯಾವತ್ತೂ ಕೇಳಿಸಿಕೊಂಡಿರಲಿಲ್ವೇನೋ ಇಷ್ಟು ದಿನ?" ಅಂತ ದರ್ಜಿಯನ್ನು ಕೇಳಿದೆ, ಆಸ್ಪತ್ರೆ ಗಾಡಿ ಬರೋದನ್ನು ಕಾಯುವಾಗ.

ಅವನು ತಲೆ ತಗ್ಗಿಸಿದ. "ನಿಮ್ಮ ನಲ್ಲಿ ಜೋರಾಗಿ ಬಿಟ್ಟಾಗೆಲ್ಲ ಗೊತ್ತಾಗ್ತಿತ್ತು ಅಜ್ಜಿ. ಬೀದಿಗೆಲ್ಲ ಗೊತ್ತು. ನೀವೇ ಕಿಟಕಿ ಮುಚ್ತಿದ್ರಲ್ಲ, ನಾವು ಹೆಂಗೆ ಬರೋದು ಅಂತ..."

ಆಸ್ಪತ್ರೆಯಲ್ಲಿ ಬೆರಳನ್ನು ಎರಡು ಗಂಟೆ ಕೂತು ಹೊಲಿದರು. ಐದನೇ ದಿನ ಕಪ್ಪಾಯಿತು, ತೆಗೆದುಬಿಟ್ಟರು.

ಸ್ಟೇಷನ್ನಿನಲ್ಲಿ ಮಗನನ್ನು ನನ್ನ ಎದುರಿಗೇ ಕೂರಿಸಿದ್ದರು. ತೋಳಿಗೆ ಪಟ್ಟಿ. ಕಣ್ಣು ಕೆಂಪಗಿತ್ತು, ಅತ್ತಿದ್ದ ಅಂತ ಕಾಣುತ್ತೆ. ಒರೆಸೋಣ ಅಂತ ನನ್ನ ಕೈ ಸೆರಗಿಗೆ ಹೋಯಿತು.

"ಹೆದರಿಸೋಣ ಅಂತ ಎತ್ತಿದೆ ಅಷ್ಟೇ," ಅಂದ ಇನ್ಸ್‌ಪೆಕ್ಟರಮ್ಮನಿಗೆ. "ಕೈ ಒದ್ದೆಯಾಗಿತ್ತು, ಮಚ್ಚು ಜಾರಿತು. ನಮ್ಮಮ್ಮ ಅಲ್ಲೇ ಇದ್ದಳು, ಕೇಳಿ. ಅಮ್ಮಾ, ಹೇಳು. ಜಾರಿತು ಅಂತ ಹೇಳು."

ಇನ್ಸ್‌ಪೆಕ್ಟರಮ್ಮ ಪೆನ್ನು ಹಿಡಿದು ನನ್ನ ಮುಖ ನೋಡಿದರು. "ಹೇಳಿ ಅಜ್ಜಿ. ಜಾರಿತಾ?"

"ಇವನಿಗೆ ಮಚ್ಚು ಹಿಡಿಯೋದು ಕಲಿಸಿದವಳು ನಾನು," ಅಂದೆ. "ಇಪ್ಪತ್ತೈದು ವರ್ಷ ಆಯ್ತು. ದಿನಕ್ಕೆ ಸಾವಿರ ಏಟು ಹಾಕ್ತಾನೆ, ಕೂದಲೆಳೆ ಅತ್ತಿತ್ತ ಆಗಿದ್ದು ನಾನು ಕಾಣೆ. ಅವನಿಗೆ ಜಾರಲ್ಲ. ಸೊಸೆ ಬಚ್ಚಲಲ್ಲಿ ಜಾರಿದಳು ಅಂತ ಆಸ್ಪತ್ರೆಯಲ್ಲಿ ಬರೆಸಿದವಳೂ ನಾನೇ. ಅದೂ ಸುಳ್ಳು. ನಮ್ಮ ಮನೇಲಿ ಯಾರೂ ಜಾರಲ್ಲ, ಬರ್ಕೊಳ್ಳಿ."

"ಅಮ್ಮಾ!"

"ಕಿಟಕಿ ಮುಚ್ಚಿದ್ದೂ ನಾನೇ. ಅದನ್ನೂ ಬರ್ಕೊಳ್ಳಿ." ಎದ್ದು ಬಂದೆ. ಹೊರಗೆ ಮೆಟ್ಟಿಲ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆಮೇಲೆ ಸೆರಗು ತೆಗೆದೇ ಅತ್ತೆ, ಹೋಗೋರು ಬರೋರು ನೋಡಿದರು.

ಚಿತ್ರಗಳು ಹೋಗಿರಲಿಲ್ಲ. ಒಡೆದದ್ದು ಗಾಜು ಅಜ್ಜಿ, ಚಿತ್ರ ಎಲ್ಲಾ ಇಂಟರ್ನೆಟ್ಟಿನಲ್ಲಿ ತಾನಾಗೇ ಉಳಿದಿರುತ್ತೆ ಅಂತ ಚೂರಿ ಹೇಳಿದಳು. ಹನ್ನೊಂದನ್ನೂ ತಾರೀಕಿನ ಸಮೇತ ಇನ್ಸ್‌ಪೆಕ್ಟರಮ್ಮನಿಗೆ ಕೊಟ್ಟಳು. ಮಗ ಒಳಗಿದ್ದಾನೆ. ಅಂಗಡಿಯಲ್ಲಿ ನಾನೇ ನಿಲ್ಲುತ್ತೀನಿ, ಬೆಳಗ್ಗೆ ಹೊತ್ತು ಮಾತ್ರ, ಸೊಂಟ ಕೇಳೋದಿಲ್ಲ. ಸೊಸೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂರುತ್ತಾಳೆ. ನನ್ನ ಜೊತೆ ಬೇಕಾದಷ್ಟೇ ಮಾತು. ಚೂರಿಯದು ಅದೂ ಇಲ್ಲ, ಅವಳಿಗೆ ಊಟ ಬಡಿಸಿದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಮೇಡಂ ಹಳೇದೊಂದು ಟ್ಯಾಬು ಕೊಟ್ಟಿದ್ದರು. ನಾಲ್ಕು ಬೆರಳಿನಲ್ಲಿ ಪೆನ್ನು ಹಿಡಿಯೋದನ್ನು ಸೊಸೆ ಮೊದಲಿಂದ ಕಲಿತಳು. ಗೆರೆ ಮತ್ತೆ ಎರೆಹುಳವಾಯಿತು, ಮತ್ತೆ ನೆಟ್ಟಗಾಯಿತು. ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಬೀದಿಯ ಚಿತ್ರ ಮುಗಿಸಿ ನನ್ನ ಮುಂದಿಟ್ಟಳು.

"ಇದನ್ನ ನಾಳೆ ಆಸ್ಪತ್ರೆಗೆ ಕಳಿಸ್ತೀನಿ ಅತ್ತೆ. ನೀವೊಂದು ಸಲ ನೋಡಿಬಿಡಿ."

ನೋಡಿದೆ. ಯಾವ ಮನೆಗೂ ಚಾವಣಿಯಿಲ್ಲ, ಎಲ್ಲೂ ಮೋಡವಿಲ್ಲ. ನಮ್ಮ ಅಡುಗೆಮನೆ ನಡುವಲ್ಲೇ ಇತ್ತು. ಕಿಟಕಿಯ ಹತ್ತಿರ ಬಿಳಿ ತುರುಬಿನ ಮುದುಕಿಯರು ಇಬ್ಬರಿದ್ದರು. ಒಬ್ಬಳು ಕಿಟಕಿ ಮುಚ್ಚುತ್ತಿದ್ದಳು, ಪಕ್ಕದಲ್ಲೇ ಇನ್ನೊಬ್ಬಳು ತೆರೆಯುತ್ತಿದ್ದಳು. ಇಬ್ಬರೂ ನಾನೇ. ಇಬ್ಬರಿಗೂ ಅದೇ ಗೆರೆ, ಅದೇ ಕೊಕ್ಕೆ.

ಇಬ್ಬರ ನಡುವೆ ಚೂರು ಜಾಗ ಬಿಟ್ಟಿದ್ದಳು. ಎಷ್ಟಿದೆ ಅಂತ ನನ್ನ ಕಿರುಬೆರಳು ಇಟ್ಟು ನೋಡಿದೆ. ಸರಿಯಾಗಿ ಅಷ್ಟೇ ಇತ್ತು.

ಸೊಸೆ ನನ್ನ ಬೆರಳನ್ನೇ ನೋಡುತ್ತಿದ್ದಳು. ಒಳಬಾಗಿಲಲ್ಲಿ ಚೂರಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು.

"ನಿಮ್ಮ ಮೇಲೆ ಮೋಡ ಹಾಕ್ಲಾ ಅತ್ತೆ?" ಅಂದಳು ಸೊಸೆ. "ಬೇಕಾದ್ರೆ ಹಾಕ್ತೀನಿ."

"ಬೇಡ," ಅಂದೆ. "ಹಿಂಗೇ ಕಳಿಸು."